ಸಿದ್ದಲಿಂಗವ್ವ ಕೂಡಿಸಿದ ಮುಚ್ಚಳ

ಆ ವಿಡಿಯೊ ನೋಡುವಾಗ ಸಿದ್ದಲಿಂಗವ್ವನ ಕೈಯಲ್ಲಿ ಚಹಾದ ಕಪ್ಪು ಇತ್ತು. ನೋಡಿ ಮುಗಿಸುವಷ್ಟರಲ್ಲಿ ಚಹಾ ಆರಿ ಕೆನೆ ಕಟ್ಟಿತ್ತು. ಆಕೆ ಮಾತ್ರ ಬಿಸಿಲಿಗಿಟ್ಟ ತಗಡಿನಂತೆ ಕಾದಿದ್ದಳು.

ವಿಡಿಯೊದಲ್ಲಿ ಒಂದು ಬಿಳಿ ಪಿಕಪ್ ಗಾಡಿ. ಅದರ ಹಿಂದಿನ ಬಾಡಿಯ ಮೇಲೆ ಮೂರು ಮಡಿಕೆಯ ಅಲ್ಯುಮಿನಿಯಂ ಮುಚ್ಚಳ. ಒಂದು ಕೈ ಬಂದು ಅದನ್ನು ಮಡಚಿ ಎತ್ತಿತು. ಒಳಗೆ ಒಣದ್ರಾಕ್ಷಿಯ ಪೆಟ್ಟಿಗೆಗಳು. ಅಂಚಿನ ಸಾಲಿನ ರಟ್ಟು ತೋಯ್ದು ಕಪ್ಪಾಗಿ ಕುಸಿದಿತ್ತು. ಹಿಂದಿನಿಂದ ಒಂದು ಗಂಡಸಿನ ಧ್ವನಿ ಬಂತು.

“ನೋಡ್ರೆಪಾ, ದ್ರಾಕ್ಷಿ ಬೆಳೆಗಾರ ಬಂಧುಗಳ. ಸಿಂದಗ್ಯಾಗ ಒಬ್ಬಾಕಿ ಹೆಣ್ಮಗಳು ಕೂಡಿಸಿದ ಮುಚ್ಚಳ ಇದು. ಒಂದ ಮಳಿಗೆ ಹಿಂಗ ಆತು. ಗಂಡಸರ ಕೆಲಸಾ ಗಂಡಸರ ಕಡೆ ಮಾಡಿಸ್ಕೋರಿ.”

ಧ್ವನಿ ಯಾರದೆಂದು ಆಕೆಗೆ ಕೂಡಲೇ ಗೊತ್ತಾಯಿತು. ಲಚ್ಯಾಣದ ಅಮಸಿದ್ದ. ಹೋಳಿ ಹುಣ್ಣಿಮೆ ಮುಗಿದ ಮರುವಾರ ಸಿಂದಗಿಗೆ ಬಂದು, ಆಕೆಯ ಅಂಗಡಿಯ ಮುಂದೆ ಇಡೀ ದಿನ ಕೂತು, ಈ ಮುಚ್ಚಳ ಹಾಕಿಸಿಕೊಂಡು ಹೋದವನು. ವಿಡಿಯೊ ಕಳಿಸಿದ್ದು ಅವನಲ್ಲ. ಬಸವನ ಬಾಗೇವಾಡಿಯ ಹಳೆಯ ಗಿರಾಕಿಯೊಬ್ಬರು ಕಳಿಸಿ, ಇದು ನಿಮ್ಮದೇ ಏನು ಎಂದು ಕೇಳಿದ್ದರು. ಇಂಡಿ ತಾಲೂಕಿನ ಬೆಳೆಗಾರರ ವಾಟ್ಸಾಪ್ ಗುಂಪಿನಲ್ಲಿ ಹುಟ್ಟಿದ್ದು ಬಾಗೇವಾಡಿ ಮುಟ್ಟಿತು ಎಂದರೆ ಮುದ್ದೇಬಿಹಾಳ ಮುಟ್ಟಲು ಎಷ್ಟು ಹೊತ್ತು? ಸಿದ್ದಲಿಂಗವ್ವನ ಅಂಗಡಿಗೆ ಜಾಹೀರಾತಿಲ್ಲ. ಗಿರಾಕಿ ಬರುವುದು ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ. ಆ ಬಾಯಿಗಳಲ್ಲೆಲ್ಲ ಈಗ ಆಕೆಯ ಮುಚ್ಚಳ ಸೋರುತ್ತಿತ್ತು.

ಸೋರಿದ್ದಕ್ಕೆ ಆಕೆಗೆ ಸಿಟ್ಟು ಬಂದಿರಲಿಲ್ಲ. ಕೈಯಿಂದ ಮಾಡಿದ ವಸ್ತು ಸೋರಬಹುದು, ಸೋರಿದರೆ ಸರಿಪಡಿಸಬೇಕು. ಆದರೆ ಈ ಮುಚ್ಚಳ ಅಂಗಡಿ ಬಿಡುವಾಗ ಸೋರುತ್ತಿರಲಿಲ್ಲ ಎಂಬುದು ಆಕೆಗೆ ಗೊತ್ತಿತ್ತು. ಅಮಸಿದ್ದನ ಎದುರಿಗೇ ಪೈಪು ಹಿಡಿದು ಅದರ ಮೇಲೆ ನೀರು ಬಿಟ್ಟಿದ್ದಳು. ಆಮೇಲೆ ಅವನ ಕೈಯನ್ನೇ ಒಳಗೆ ಆಡಿಸಲು ಹೇಳಿದ್ದಳು. ಒಣಗೇ ಇದ್ದ ಕೈ ಹೊರಗೆ ತೆಗೆದು ಅವನು, ಭಾರಿ ಐತಿ ಅಕ್ಕಾರ, ಎಂದಿದ್ದ. ಅದೇ ಬಾಯಿ ಈಗ ಗಂಡಸರ ಕೆಲಸ, ಹೆಂಗಸರ ಕೆಲಸ ಎಂದು ವಿಂಗಡಿಸುತ್ತಿತ್ತು.

ಈ ಕೆಲಸ ಆಕೆಗೆ ಯಾರ ಮನೆಯಿಂದಲೂ ಬಳುವಳಿಯಾಗಿ ಬಂದದ್ದಲ್ಲ. ಹುಟ್ಟಿದ್ದು ನಾಲತವಾಡದಲ್ಲಿ. ಮನೆಯ ಗೋಡೆಗೆ ಹತ್ತಿಕೊಂಡೇ ಕಾಸಿಂಸಾಬರ ಸೈಕಲ್ ಅಂಗಡಿ ಇತ್ತು. ಶಾಲೆಯಿಂದ ಬಂದು ಪಾಟಿಚೀಲ ಬಿಸಾಕಿ ಅಲ್ಲಿ ಕೂರುತ್ತಿದ್ದಳು. ಡೊಂಕಾದ ಗಾಲಿಯನ್ನು ಕಾಸಿಂಸಾಬರು ಮೇಲಕ್ಕೆ ನೇತುಹಾಕಿ ತಿರುಗಿಸುವರು. ಅದು ಎಲ್ಲಿ ವಾಲುತ್ತದೆ ನೋಡಿ ಒಂದು ಕಡ್ಡಿಯನ್ನು ಎಳೆದು, ಎದುರಿನ ಕಡ್ಡಿಯನ್ನು ಸಡಿಲ ಬಿಡುವರು. ಅವರು ಕಲಿಸಿದ್ದು ಎಂದು ಏನೂ ಇಲ್ಲ. ಹೆಣ್ಣುಹುಡುಗಿ ಎಂದು ಎಬ್ಬಿಸಿ ಓಡಿಸಲಿಲ್ಲ, ಅಷ್ಟೆ. ಎಲ್ಲ ಕಡ್ಡಿಗೂ ಒಂದೇ ಎಳೆತ ಇದ್ದರೆ ಮಾತ್ರ ಗಾಲಿ ನೆಟ್ಟಗೆ ತಿರುಗುತ್ತದೆ ಎಂಬುದು ಆಕೆಯ ಬೆರಳಿಗೆ ಆಗಲೇ ಬಂದಿತ್ತು.

ಮದುವೆಯಾಗಿ ಬಂದದ್ದು ಸಿಂದಗಿಗೆ, ತಾಡಪತ್ರಿ ಹೊಲಿಯುವ ಮನೆತನಕ್ಕೆ. ಗಂಡ ಸಂಗಣ್ಣ ಒಳ್ಳೆಯ ಹೊಲಿಗೆಯವನು. ಲಾರಿಗೆ, ಟ್ರ್ಯಾಕ್ಟರಿಗೆ, ಕಬ್ಬು ಕಡಿಯುವವರ ಗುಡಿಸಲಿಗೆ ಅವನು ಹೊಲಿದ ತಾಡಪತ್ರಿ ಎರಡು ಮಳೆಗಾಲ ಹೆಚ್ಚೇ ಬಾಳುತ್ತಿತ್ತು. ಮಾತು ಮಾತ್ರ ಇಲ್ಲ. ಬಾಯಲ್ಲಿ ಯಾವಾಗಲೂ ಸೂಜಿ ಹಿಡಿದುಕೊಂಡವನ ಹಾಗೆ ತುಟಿ ಬಿಗಿದಿರುತ್ತಿದ್ದ. ಯಾರಾದರೂ ಏನಾದರೂ ಕೇಳಿದರೆ ಇಲ್ಲ ಅನ್ನುವುದು ಅವನಿಗೆ ಬರುತ್ತಿರಲಿಲ್ಲ. ಸಿದ್ದಲಿಂಗವ್ವ ಮೊದಮೊದಲು ತಾಡಪತ್ರಿಯ ಅಂಚಿಗೆ ಹಗ್ಗ ಪೋಣಿಸುವ ಹಿತ್ತಾಳೆಯ ಕಣ್ಣು ಹೊಡೆಯುತ್ತಿದ್ದಳು.

ಒಂದು ದಿನ ಗಾಳಿ ವಿದ್ಯುತ್ತಿನ ಯಂತ್ರ ನೆಡುವ ಕಂಪನಿಯವರ ಗಾಡಿಯೊಂದು ಅಂಗಡಿಯ ಮುಂದೆ ನಿಂತಿತು. ಅದರ ಹಿಂಬದಿಗೆ ತಾಡಪತ್ರಿ ಇರಲಿಲ್ಲ. ಮೂರು ಹಲಗೆಯ, ಕೀಲಿರುವ, ಚಾಪೆಯಂತೆ ಮಡಚಿಕೊಳ್ಳುವ ಗಟ್ಟಿ ಮುಚ್ಚಳವಿತ್ತು. ಕೀಲು ಮುರಿದಿತ್ತು. ಸದ್ಯಕ್ಕೆ ಮೇಲೊಂದು ತಾಡಪತ್ರಿ ಕಟ್ಟಿಕೊಡಿ ಎಂದು ಬಂದಿದ್ದರು. ಸಂಗಣ್ಣ ಅಳತೆ ತೆಗೆಯುತ್ತಿರುವಾಗ ಸಿದ್ದಲಿಂಗವ್ವ ಮುಚ್ಚಳದ ಕೆಳಗೆ ತಲೆ ಹಾಕಿದಳು. ತಲೆ ಹೊರಗೆ ತೆಗೆದಾಗ ಅದು ಹೇಗೆ ಕೂತಿದೆ ಎಂಬುದು ಆಕೆಗೆ ಗೊತ್ತಾಗಿತ್ತು. ಆ ಕೀಲನ್ನು ಅಂದೇ ಸರಿ ಮಾಡಿದಳು. ಮುಂದಿನ ವರ್ಷದ ಹೊತ್ತಿಗೆ ಊರ ಪಿಕಪ್ ಗಾಡಿಗಳಿಗೆ ತಾನೇ ಅಂಥ ಮುಚ್ಚಳ ಮಾಡತೊಡಗಿದಳು. ತಾಡಪತ್ರಿ ಬಿಚ್ಚಿ ಕಟ್ಟುವುದರಲ್ಲಿ ಅರ್ಧ ಮುಂಜಾನೆ ಕಳೆಯುತ್ತಿದ್ದ ಗಾಡಿಯವರಿಗೆ, ಒಂದು ಕೈಯಲ್ಲಿ ಮಡಚಿ ಇನ್ನೊಂದು ಕೈಯಲ್ಲಿ ಮಾಲು ಇಳಿಸುವ ಈ ಮುಚ್ಚಳ ಹಿಡಿಸಿತು.

ಮಾಡುವುದಕ್ಕಿಂತ ಕೂಡಿಸುವುದೇ ಕಷ್ಟದ ಕೆಲಸ. ಬಾಡಿಯ ಎರಡು ಗೋಡೆಗಳ ಮೇಲೆ ಒಂದೊಂದು ಅಲ್ಯುಮಿನಿಯಂ ಪಟ್ಟಿ. ಒಂದೊಂದನ್ನು ಕೆಳಗಿನಿಂದ ನಾಲ್ಕು ಕ್ಲಾಂಪು ಒತ್ತಿ ಹಿಡಿದಿರುತ್ತವೆ, ಕ್ಲಾಂಪಿಗೊಂದು ನಟ್ಟು. ಪಟ್ಟಿಯ ಮೇಲೆ ರಬ್ಬರು, ರಬ್ಬರಿನ ಮೇಲೆ ಮುಚ್ಚಳ. ಮೂಲೆಯಿಂದ ಮೂಲೆಗೆ ಅಡ್ಡಡ್ಡ ಅಳತೆ ತೆಗೆದು, ಎರಡೂ ಸಮ ಬರುವತನಕ ಪಟ್ಟಿಯನ್ನು ಕೂದಲೆಳೆಯಷ್ಟು ಸರಿಸಬೇಕು. ರಬ್ಬರು ಅರ್ಧದಷ್ಟೇ ಒತ್ತಬೇಕು, ಪೂರ್ತಿ ಒತ್ತಬಾರದು. ಅದನ್ನು ನೋಡಲು ಸಿದ್ದಲಿಂಗವ್ವ ವರ್ತಮಾನಪತ್ರಿಕೆಯ ಒಂದು ಚೂರನ್ನು ರಬ್ಬರಿಗೂ ಮುಚ್ಚಳಕ್ಕೂ ನಡುವೆ ಇಟ್ಟು ಎಳೆಯುತ್ತಿದ್ದಳು. ಕಾಗದ ಹರಿಯಬಾರದು, ಸುಮ್ಮನೆ ಜಾರಿಯೂ ಬರಬಾರದು. ಹಟ ಮಾಡಿ ಬರಬೇಕು. ಸುತ್ತಲೂ ಒಂದೇ ಹಟ ಇರಬೇಕು.

ಇಷ್ಟೆಲ್ಲ ಆದಮೇಲೆ ಗಿರಾಕಿ ಕೇಳುತ್ತಿದ್ದುದು ಒಂದೇ ಮಾತು: ಮಾಲಕರು ಎಲ್ಲಿ?

ಮುದ್ದೇಬಿಹಾಳದಿಂದ ಬಂದವರೂ ಅದನ್ನೇ ಕೇಳಿದರು, ಬಾಗೇವಾಡಿಯಿಂದ ಬಂದವರೂ ಅದನ್ನೇ ಕೇಳಿದರು. ದಿನವಿಡೀ ಆಕೆ ಗಾಡಿಯ ಕೆಳಗೆ ಮಲಗಿ ಏಳುವುದನ್ನು ನೋಡಿದವರೇ, ಕೊನೆಗೆ ಆಕೆಯನ್ನು ದಾಟಿ ಒಳಗೆ ಇಣುಕುತ್ತಿದ್ದರು. ಈ ಕಡೆಯ ಗಾಡಿಯವರಲ್ಲಿ ಒಂದು ರೂಢಿ ಇದೆ. ಕೆಲಸ ಯಾರೇ ಮಾಡಿರಲಿ, ಗಾಡಿ ಹೊರಡುವ ಮುಂಚೆ ಅಂಗಡಿಯ ಹಿರಿಯ ಕೊನೆಯದಾಗಿ ಒಮ್ಮೆ ಕೈ ಹಚ್ಚಬೇಕು. ಕೈ ಹಚ್ಚದೆ ಬಿಟ್ಟ ಗಾಡಿಯನ್ನು ಅವರು ಅರ್ಧ ಮನಸ್ಸಿನಿಂದಲೇ ಓಡಿಸುತ್ತಾರೆ. ರೂಢಿಯ ಮೇಲೆ ಸಿದ್ದಲಿಂಗವ್ವನಿಗೆ ತಕರಾರಿರಲಿಲ್ಲ. ಹಿರಿಯ ಎಂದರೆ ಗಂಡಸು ಎಂದು ಯಾರು ಬರೆದಿಟ್ಟರು ಎಂಬುದೇ ತಕರಾರು. ಮೊದಲ ವರ್ಷ ಜಗಳಾಡಿದಳು. ಎರಡು ಗಾಡಿ ತಿರುಗಿ ಹೋದವು. ಆಮೇಲೆ ಗಂಡನೊಂದಿಗೆ ಒಪ್ಪಂದ ಮಾಡಿಕೊಂಡಳು: ನೀವು ಬಂದು ಮುಚ್ಚಳದ ಮೇಲೆ ಅಂಗೈ ಇಡಿ, ಹೋಗಿ ಬರ್ರಿ ಅನ್ನಿ, ಅಷ್ಟೆ. ನಟ್ಟು ತಿರುಗಿಸುವ ಪಾನಾ ಮುಟ್ಟಬೇಡಿ. ಸಂಗಣ್ಣ ಹಾಗೆಯೇ ನಡೆದುಕೊಂಡು ಬಂದ. ಮಿಷನ್ನಿನಿಂದ ಏಳುವನು, ಗಾಡಿಯ ಸುತ್ತ ಒಮ್ಮೆ ನಡೆಯುವನು, ಅಂಗೈ ಇಡುವನು. ಗಿರಾಕಿಯ ಮುಖ ಅರಳುವುದು. ಸಿದ್ದಲಿಂಗವ್ವ ಆ ಹೊತ್ತಿಗೆ ಬೇಕೆಂದೇ ಒಳಗೆ ಹೋಗುತ್ತಿದ್ದಳು. ಆ ನೋಟವನ್ನು ಸಹಿಸಲು ಆಕೆಗೆ ಆಗುತ್ತಿರಲಿಲ್ಲ.

ವಿಡಿಯೊ ನೋಡಿದ ಬೆಳಿಗ್ಗೆ ಆಕೆ ಪಾನಾಗಳನ್ನು ಒಂದು ಕೈಚೀಲಕ್ಕೆ ಹಾಕಿಕೊಂಡು, ತಲೆಗೆ ಸೆರಗು ಹೊದ್ದು, ಇಂಡಿಯ ಬಸ್ಸಿಗೆ ಹೊರಟಳು. ಸಂಗಣ್ಣ ಮಿಷನ್ನಿನ ಮುಂದೆ ಕೂತು ದಾರ ಪೋಣಿಸುತ್ತಿದ್ದ. ಇಂದು ಬೇಡ, ಮೋಡ ಆಗಿದೆ, ನಾಳೆ ಹೋಗು ಎಂದ. ನಾಳೆಯ ಹೊತ್ತಿಗೆ ಈ ಸುದ್ದಿ ಸೊಲ್ಲಾಪುರ ಮುಟ್ಟುತ್ತದೆ ಎಂದು ಆಕೆ ಸಿಡುಕಿದಳು. ಅವನು ಮತ್ತೇನೋ ಹೇಳಲು ಬಾಯಿ ತೆರೆದು, ದಾರದ ತುದಿಯನ್ನು ನಾಲಿಗೆಗೆ ಹಚ್ಚಿ ಒದ್ದೆ ಮಾಡಿಕೊಂಡ.

ಇಂಡಿಯಲ್ಲಿ ಬಸ್ಸು ಬದಲಿಸಿ ಲಚ್ಯಾಣಕ್ಕೆ ಇಳಿದಾಗ ಹೊತ್ತು ನೆತ್ತಿಗೆ ಬಂದಿತ್ತು. ದಾರಿಯುದ್ದಕ್ಕೂ ಆಕೆ ಆಡಬೇಕಾದ ಮಾತುಗಳನ್ನು ಸಾಲಾಗಿ ಜೋಡಿಸಿಕೊಂಡಿದ್ದಳು. ಮಠದ ಹಿಂದಿನ ದಾರಿ ಹಿಡಿದರೆ ಅಮಸಿದ್ದನ ದ್ರಾಕ್ಷಿ ಒಣಗಿಸುವ ಶೆಡ್ಡು. ಹಸಿರು ಬಲೆಯ ಕೆಳಗೆ ಹೆಣ್ಣಾಳುಗಳು ಸಾಲಾಗಿ ಕೂತು ಒಣದ್ರಾಕ್ಷಿಯ ತೊಟ್ಟು ಬಿಡಿಸುತ್ತಿದ್ದರು. ಮುಂದುಗಡೆ ಅದೇ ಬಿಳಿ ಗಾಡಿ ನಿಂತಿತ್ತು. ಅಮಸಿದ್ದ ಐವತ್ತರ ಸುಮಾರಿನ, ಹೊಟ್ಟೆ ಬಂದ, ನಗುಮುಖದ ಮನುಷ್ಯ. ಆಕೆಯನ್ನು ಕಂಡು ಮೊದಲು ಬೆಚ್ಚಿದ, ಆಮೇಲೆ ನೀರು ತರಲು ಹೇಳಿದ. ಸಿದ್ದಲಿಂಗವ್ವ ನೀರು ಕುಡಿಯಲಿಲ್ಲ. ಮೊದಲು ಮುಚ್ಚಳ ನೋಡುತ್ತೇನೆ, ಆಮೇಲೆ ನೀರು ಎಂದಳು.

ಕಾಗದದ ಚೂರು ತೆಗೆದು ಬಾಡಿಯ ಸುತ್ತ ಬಂದಳು. ಮೊದಲ ಕ್ಲಾಂಪಿನ ಹತ್ತಿರ ಎಳೆದಳು, ಕಾಗದ ಹರಿಯಿತು. ಎರಡು ಕ್ಲಾಂಪುಗಳ ನಡುವೆ ಎಳೆದಳು. ಬೆಣ್ಣೆಯಿಂದ ಕೂದಲು ತೆಗೆದಂತೆ ಬಂತು. ಮುಂದಿನ ಕ್ಲಾಂಪಿನಲ್ಲಿ ಮತ್ತೆ ಹರಿಯಿತು. ಬಗ್ಗಿ ಪಟ್ಟಿಯ ಉದ್ದಕ್ಕೆ ಒಂದು ಕಣ್ಣು ಮುಚ್ಚಿ ನೋಡಿದಳು. ನೇರವಾಗಿ ಕೂಡಿಸಿದ್ದ ಪಟ್ಟಿ ಈಗ ಕ್ಲಾಂಪು ಇದ್ದಲ್ಲೆಲ್ಲ ಉಬ್ಬಿ, ನಡುನಡುವೆ ತಗ್ಗಿ, ಗೋಡೆಯ ಮೇಲೆ ಹರಿದ ಹಾವಿನಂತಿತ್ತು. ಮುಚ್ಚಳ ಆ ಉಬ್ಬುಗಳ ಮೇಲೆ ಓರೆಯಾಗಿ ಕೂತು ಅಲ್ಲಲ್ಲಿ ಸಂದು ಬಿಟ್ಟಿತ್ತು. ಮಳೆ ಬಂದದ್ದು ಆ ಸಂದಿಯಿಂದ.

ನಟ್ಟಿಗೆ ಕೈ ಹಾಕಿದವರು ಯಾರು ಎಂದು ಕೇಳಿದಳು.

ಅಮಸಿದ್ದ ತಾನಂತೂ ಮುಟ್ಟಿಲ್ಲ ಎಂದ. ಬೇಕಾದರೆ ಮಠದ ಗದ್ದುಗೆ ಮುಟ್ಟಿ ಹೇಳುತ್ತೇನೆ ಎಂದ. ಸಿದ್ದಲಿಂಗವ್ವ ನಂಬಲಿಲ್ಲ. ಎಂಟೂ ನಟ್ಟು ಪೂರ್ತಿ ಒಂದು ಸುತ್ತು ಹೆಚ್ಚು ತಿರುಗಿವೆ, ತಾನಾಗಿ ತಿರುಗಲು ಅವೇನು ಬುಗುರಿಯೇ ಎಂದು ಕೇಳಿದಳು. ನಿಮಗೆ ನಂಬಿಕೆ ಇಲ್ಲದಿದ್ದರೆ ಬಂದು ನನ್ನನ್ನು ಬೈಯಬಹುದಿತ್ತು, ಊರ ತುಂಬ ನನ್ನ ಹೆಸರು ಯಾಕೆ ಕೆಡಿಸಿದಿರಿ ಎಂದಳು. ಧ್ವನಿ ಏರಿತ್ತು. ತೊಟ್ಟು ಬಿಡಿಸುತ್ತಿದ್ದ ಕೈಗಳು ನಿಂತಿದ್ದವು.

“ಬಿಗಿ ಮಾಡಿದ್ರ ಸೋರತೈತೇನ್ರಿ ಅಕ್ಕಾರ?” ಎಂದ ಅಮಸಿದ್ದ. ಅವನಿಗೂ ಈಗ ಸಿಟ್ಟು ಬಂದಿತ್ತು. “ಬಿಗಿ ಮಾಡಿದ್ರ ಸೋರೂದು ನಿಲ್ಲಬೇಕು. ಇದ ಎಲ್ಲಿ ಲೆಕ್ಕಾ?”

ಉತ್ತರ ಸಿದ್ದಲಿಂಗವ್ವನಿಂದ ಬರಲಿಲ್ಲ. ಹೆಣ್ಣಾಳುಗಳ ಸಾಲಿನ ತುದಿಯಿಂದ ಬಂತು. ಅಲ್ಲಿ ಜೈತುನಬಿ ಎಂಬ ಮುದುಕಿ ಕೂತಿದ್ದಳು. ಅಮಸಿದ್ದನ ತಂದೆಯ ಕಾಲದಿಂದ ಆ ತೋಟದಲ್ಲಿ ದುಡಿದವಳು. ಅವನನ್ನು ಮಾಲಕನೆಂದು ಆಕೆ ಎಂದೂ ಲೆಕ್ಕಕ್ಕೆ ಹಿಡಿದವಳಲ್ಲ.

“ನಿನ್ನ ಅಂಗಿ ನೋಡ್ಕೋ ಅಮಸಿದ್ದಪ್ಪಾ. ಹೊಟ್ಟಿ ಮ್ಯಾಲೆ ಜಗ್ಗಿ ಗುಂಡಿ ಹಾಕ್ಕೊಂಡೀದಿ. ಗುಂಡಿ ಇದ್ದಲ್ಲಿ ಬಿಗಿ ಐತಿ, ನಡುವ ಬಾಯಿ ಬಿಟ್ಟು ಹೊಕ್ಕಳಾ ಕಾಣಾಕತ್ತೈತಿ.”

ಶೆಡ್ಡಿನ ತುಂಬ ನಗೆ ಎದ್ದಿತು. ಅಮಸಿದ್ದ ನಗಲಿಲ್ಲ, ಆದರೂ ಒಮ್ಮೆ ತನ್ನ ಹೊಟ್ಟೆಯ ಕಡೆ ನೋಡಿಕೊಂಡ. ಹಾಗೆ ನೋಡಿಕೊಂಡವನು ಮೆತ್ತಗಾದ. ಹೇಳಬೇಕೋ ಬೇಡವೋ ಎಂಬಂತೆ ಹೇಳಿದ.

“ನಾ ಹಚ್ಚಿಲ್ಲರಿ ಅಕ್ಕಾರ, ಖರೇನ ಹೇಳ್ತೇನಿ. ನಿಮ್ಮ ಮಾಲಕರ ಹಚ್ಯಾರ.”

ನಡೆದದ್ದು ಇಷ್ಟು. ಗಾಡಿ ಹೊರಡುವ ಹೊತ್ತಿಗೆ ಸಿದ್ದಲಿಂಗವ್ವ ಎಂದಿನಂತೆ ಒಳಗೆ ಹೋಗಿದ್ದಳು. ಸಂಗಣ್ಣ ಬಂದು ಅಂಗೈ ಇಟ್ಟ. ಅಮಸಿದ್ದನಿಗೆ ಅದು ಸಾಲಲಿಲ್ಲ. ಬರೇ ಸವರಿದರೆ ಆಯಿತೇ, ಒಣದ್ರಾಕ್ಷಿಯ ಗಾಡಿ ಇದು, ನಿಮ್ಮ ಕೈಯಿಂದ ಒಮ್ಮೆ ಬಿಗಿ ಮಾಡಿ ಕೊಡಿ ಎಂದು ಕೈ ಮುಗಿದ. ಸಂಗಣ್ಣ ಒಳಬಾಗಿಲ ಕಡೆ ಒಮ್ಮೆ ನೋಡಿದ. ಕೈ ಮುಗಿದು ನಿಂತ ಗಿರಾಕಿಯ ಕಡೆ ಒಮ್ಮೆ ನೋಡಿದ. ಆಮೇಲೆ ಪಾನಾ ಎತ್ತಿಕೊಂಡು, ಎಂಟೂ ನಟ್ಟಿಗೆ ಒಂದೊಂದು ಸುತ್ತು ಕೊಟ್ಟ. ಹೊಲಿಗೆ ಮಿಷನ್ನು ತುಳಿದು ತುಳಿದು, ತಾಡಪತ್ರಿ ಎಳೆದು ಎಳೆದು ಗಟ್ಟಿಯಾದ ಮೈ ಅವನದು. ಒಂದು ಸುತ್ತು ಎಂದರೆ ಒಂದು ಸುತ್ತೇ.

 ಸಿದ್ದಲಿಂಗವ್ವ ದಾರಿಯಲ್ಲಿ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಅಮಸಿದ್ದನ ಅಳತೆಗೆ ಹೊಲಿದಂಥವು. ಅವು ಈಗ ಯಾರಿಗೂ ಹೊಂದುತ್ತಿರಲಿಲ್ಲ. ಬೆಳಿಗ್ಗೆ ಗಂಡ ಬಾಯಿ ತೆರೆದು ಮುಚ್ಚಿದ್ದು ನೆನಪಾಯಿತು. ಗೊತ್ತಿದ್ದೂ ಬಸ್ಸು ಹತ್ತಲು ಬಿಟ್ಟನಲ್ಲ! ಬೇರೆಯವರೆಲ್ಲ ಆಕೆಯನ್ನು ದಾಟಿ ಒಳಗೆ ಇಣುಕುವವರು. ಅವರಿಗೆ ಆಕೆಯ ಕೆಲಸ ಗೊತ್ತಿಲ್ಲ. ಇವನಿಗೆ ಗೊತ್ತಿತ್ತು. ಕಾಗದದ ಚೂರು ಹಿಡಿದು ಆಕೆ ಗಾಡಿಯ ಸುತ್ತ ತಿರುಗುವುದನ್ನು ಎಷ್ಟೋ ವರ್ಷಗಳಿಂದ ಮಿಷನ್ನಿನ ಮೇಲಿಂದ ನೋಡಿದವನು ಇವನು. ಒಬ್ಬ ಅಪರಿಚಿತನಿಗೆ ಇಲ್ಲ ಎನ್ನಲು ನಾಲಿಗೆ ಬರಲಿಲ್ಲ ಎಂದು, ಆಕೆಯ ಇಡೀ ದಿನದ ದುಡಿಮೆಯನ್ನು ಎಂಟು ಸುತ್ತಿನಲ್ಲಿ ಹಾಳು ಮಾಡಿದ್ದ.

ಆದರೆ ಮೊದಲು ಮಾಡಬೇಕಾದ್ದು ಬೇರೆ ಇತ್ತು. ಆಕೆ ಅಮಸಿದ್ದನಿಗೆ ದ್ರಾಕ್ಷಿ ತೊಳೆಯುವ ಪೈಪು ತರಲು ಹೇಳಿದಳು. ಇದ್ದಂತೆಯೇ ಮುಚ್ಚಳದ ಮೇಲೆ ನೀರು ಬಿಡಿಸಿದಳು. ಒಳಗೆ ಕೈ ಹಾಕಿಸಿ, ಒದ್ದೆಯಾದ ಕೈಯನ್ನು ಎಲ್ಲರಿಗೂ ತೋರಿಸಲು ಹೇಳಿದಳು. ಆಮೇಲೆ ಸೆರಗು ಸಿಕ್ಕಿಸಿ, ಗಾಡಿಯ ಪಕ್ಕಕ್ಕೆ ಕೂತು, ಎಂಟೂ ನಟ್ಟು ಪೂರ್ತಿ ಸಡಿಲ ಮಾಡಿದಳು. ಪಟ್ಟಿ ನಿಟ್ಟುಸಿರು ಬಿಟ್ಟಂತೆ ಸಡಿಲಾಯಿತು. ಎರಡು ಕಡೆ ಮಾತ್ರ ಬಾಗಿ ಉಳಿದಿತ್ತು. ಅದನ್ನು ಕಟ್ಟಿಗೆಯ ತುಂಡಿಟ್ಟು ಮೆಲ್ಲಗೆ ತಟ್ಟಿ ನೇರ ಮಾಡಿದಳು. ಮೂಲೆಯಿಂದ ಮೂಲೆಗೆ ಅಳತೆ ಹಿಡಿದಳು. ಮೊದಲು ನಡುವಿನ ಕ್ಲಾಂಪುಗಳು, ಆಮೇಲೆ ತುದಿಯವು, ಎಡಕ್ಕೆ ಒಂದು, ಬಲಕ್ಕೆ ಒಂದು, ಎಲ್ಲವನ್ನೂ ಬೆರಳಿನಿಂದ ತಿರುಗಿಸಿ, ಪಾನಾದಿಂದ ಕಾಲು ಸುತ್ತು ಮಾತ್ರ. ಕಾಗದ ಸುತ್ತಲೂ ಹಟ ಮಾಡಿ ಬಂತು. ಮತ್ತೆ ನೀರು ಬಿಡಿಸಿದಳು. ಈ ಸಲ ಕೈ ಹಾಕಿದವಳು ಜೈತುನಬಿ. ಒಣಗೇ ಇದ್ದ ಅಂಗೈಯನ್ನು ಆಕೆ ಅಮಸಿದ್ದನ ಕೆನ್ನೆಗೇ ಸವರಿದಳು.

ಅಮಸಿದ್ದ ತಪ್ಪಾಯಿತು ಎಂದ. ಇನ್ನು ಯಾರೇ ಕೇಳಿದರೂ ಒಳ್ಳೆಯದನ್ನೇ ಹೇಳುತ್ತೇನೆ ಎಂದ. ಸಿದ್ದಲಿಂಗವ್ವ ಒಪ್ಪಲಿಲ್ಲ. ಕೇಳಿದವರಿಗೆ ಹೇಳುವುದಲ್ಲ, ಎಲ್ಲಿ ಆಡಿದಿರೋ ಅಲ್ಲೇ ಆಡಬೇಕು ಎಂದಳು. ಅವನು ತಲೆ ಕೆರೆದುಕೊಂಡ. ಮುಚ್ಚಳ ಸೋರುವುದಿಲ್ಲ ಎಂದು ಹಾಕಿದರೆ, ಮತ್ತೆ ದ್ರಾಕ್ಷಿ ತೋಯ್ದದ್ದು ಹೇಗೆ ಎಂದು ಕೇಳುತ್ತಾರೆ, ನಿಮ್ಮ ಮಾಲಕರ ಹೆಸರು ಬರುತ್ತದೆ, ಬೇಡ ಬಿಡಿ ಎಂದ. ಅದು ಅವನ ಲೆಕ್ಕದಲ್ಲಿ ಮರ್ಯಾದೆಯ ಮಾತೇ. ಆಕೆಯ ಹೆಸರು ಊರೂರು ಸುತ್ತುವಾಗ ಹೊಳೆಯದ ಮರ್ಯಾದೆ, ಗಂಡಸಿನ ಹೆಸರು ಬಂದ ಕೂಡಲೇ ಹೊಳೆದಿತ್ತು. ಇದು ಆಕೆಯ ಮೈಗೆ ಮತ್ತೆ ಬೆಂಕಿ ಹಚ್ಚಿತು.

ಆಕೆ ತನ್ನ ಫೋನು ತೆಗೆದು ಗಂಡನಿಗೆ ಹಚ್ಚಿದಳು. ಎಲ್ಲರಿಗೂ ಕೇಳುವಂತೆ ಸ್ಪೀಕರ್ ಒತ್ತಿದಳು. ನಿಮ್ಮ ಫೋನಿನಲ್ಲಿ ಆ ಗುಂಪಿಗೆ ಧ್ವನಿ ಕಳಿಸುವ ಗುಂಡಿ ಒತ್ತಿ ಹಿಡಿಯಿರಿ ಎಂದು ಅಮಸಿದ್ದನಿಗೆ ಹೇಳಿದಳು. ಅವನು ಹಿಂಜರಿಯುತ್ತಲೇ ಹಿಡಿದ. ಆ ಕಡೆ ಮಿಷನ್ನಿನ ಸದ್ದು ಕೇಳುತ್ತಿತ್ತು.

“ನಾ ಲಚ್ಯಾಣದಾಗ ಅದೇನಿ. ಇಲ್ಲೆ ಮಂದಿ ಕೇಳಾಕತ್ತಾರ, ಆ ಗುಂಪಿನವ್ರೂ ಕೇಳ್ತಾರ. ಅಮಸಿದ್ದಪ್ಪನ ಗಾಡಿಗೆ ಕಡೀಕ ಪಾನಾ ಹಚ್ಚಿದವರ ಯಾರು, ಹೇಳ್ರಿ.”

ಮಿಷನ್ನು ನಿಂತಿತು.  ಫೋನು ಕಟ್ಟಾಯಿತೇನೋ ಎಂದು ಅಮಸಿದ್ದ ಬಗ್ಗಿ ನೋಡಿದ.  ಇವತ್ತೂ ಇವರು ಬಾಯಿ ಬಿಡುವುದಿಲ್ಲ, ಎಂದೂ ಬಿಡುವುದಿಲ್ಲ ಎಂದುಕೊಂಡಳು ಸಿದ್ದಲಿಂಗವ್ವ.

“ನಾ ಹಚ್ಚೇನಿ,” ಎಂದ ಸಂಗಣ್ಣ. ಕೆಮ್ಮಿದ. ಆಮೇಲೆ ಯಾರೂ ಕೇಳದೆಯೇ ಮುಂದುವರಿದ. “ಮುಚ್ಚಳಾ ಆಕಿ ಕೂಡಿಸ್ಯಾಳ. ನಮ್ಮ ಅಂಗಡಿ ಮುಚ್ಚಳ ಎಲ್ಲಾ ಆಕೀನ ಕೂಡಸ್ತಾಳ. ನನಗ ಅದರಾಗ ಏನೂ ತಿಳಿಯಂಗಿಲ್ಲ. ಇದನ್ನ ಕೆಡಿಸಿದಾಂವ ನಾ.”

ಫೋನು ಇಟ್ಟ.

 ಅಮಸಿದ್ದ ಬೆರಳೆತ್ತಿದ; ಧ್ವನಿ ಗುಂಪಿಗೆ ಹೋಯಿತು. ಸಿದ್ದಲಿಂಗವ್ವ ಈಗ ನೀರು ಕುಡಿದಳು. ಬಂದ ಕೆಲಸ ಮುಗಿದಿತ್ತು. ಪಾನಾಗಳನ್ನು ಒರೆಸಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಾಗ ಅಮಸಿದ್ದನ ಫೋನು ಟಿಣ್ ಟಿಣ್ ಎನ್ನತೊಡಗಿತು. ಅವನು ನೋಡಿ ಒಂದು ನಗೆ ನಕ್ಕು, ತಕ್ಷಣ ನುಂಗಿಕೊಂಡ. ಆಕೆ ಕೈ ಚಾಚಿದಳು. ಕೊಡದೆ ಗತಿ ಇರಲಿಲ್ಲ.

ನಗುವ ಮುಖಗಳು ಸಾಲಾಗಿ ಬಿದ್ದಿದ್ದವು. ಸಂಗಣ್ಣಗ ಇನ್ನ ಮ್ಯಾಲೆ ಹೆಂಡತಿ ಚೀಟಿ ಕೊಟ್ರ ಅಷ್ಟ ಪಾನಾ ಎಂದು ಒಬ್ಬ ಬರೆದಿದ್ದ. ಸೀರಿ ಉಡಿಸ್ರಿ ಆತಗ ಎಂದು ಇನ್ನೊಬ್ಬ. ಮಳಿ ಅಲ್ಲ, ಅವ್ನ ಕಣ್ಣೀರ ಸೋರೇತಿ ಎಂದು ಮತ್ತೊಬ್ಬ. ಮುಚ್ಚಳದ ಬಗ್ಗೆ ಒಬ್ಬನೂ ಒಂದು ಅಕ್ಷರ ಬರೆದಿರಲಿಲ್ಲ. ಆಕೆಯ ಕೆಲಸ ಸರಿಯಾಗಿತ್ತು ಎಂಬ ಸುದ್ದಿಯಲ್ಲಿ ಅವರಿಗೆ ಕಂಡದ್ದು, ಹೆಂಡತಿಯ ಮುಂದೆ ತಪ್ಪು ಒಪ್ಪಿಕೊಂಡ ಗಂಡಸೊಬ್ಬನೇ.

ಬೆಳಿಗ್ಗೆಯಿಂದ ಬಂದ ಸಿಟ್ಟುಗಳಲ್ಲಿ ಇದು ಬೇರೆ ಬಗೆಯದು. ಗಂಡನನ್ನು ಆಕೆ ಮನೆಗೆ ಹೋಗಿ ಏನು ಬೇಕಾದರೂ ಅನ್ನುವವಳಿದ್ದಳು. ಅನ್ನುವ ಹಕ್ಕು ಆಕೆಗಿತ್ತು. ಇವರಿಗೆಲ್ಲಿತ್ತು? ನಾಲ್ಕು ಜನರೆದುರು ನಾನು ಕೆಡಿಸಿದೆ ಎಂದು ಇವರಲ್ಲಿ ಒಬ್ಬನಾದರೂ ಹುಟ್ಟಿದಂದಿನಿಂದ ಅಂದಿದ್ದನೇ? ಅಮಸಿದ್ದ ಧ್ವನಿ ಹಿಡಿಯುವುದನ್ನು ಆಕೆ ನೋಡಿಕೊಂಡಿದ್ದಳು. ಅದೇ ಗುಂಡಿಯ ಮೇಲೆ ಹೆಬ್ಬೆರಳು ಒತ್ತಿ ಫೋನನ್ನು ಬಾಯಿಯ ಹತ್ತಿರ ತಂದಳು.

“ನಾ ಸಿಂದಗಿ ಸಿದ್ದಲಿಂಗವ್ವ ಮಾತಾಡಾಕತ್ತೇನಿ. ನಗೂ ಮಂದಿ ಒಂದ ಕೆಲಸಾ ಮಾಡ್ರಿ. ನಮ್ಮನಿಯವ್ರು ಹೊಲಿದ ತಾಡಪತ್ರಿ ನಿಮ್ಮ ಗಾಡಿ ಮ್ಯಾಲೆ, ನಿಮ್ಮ ಬಣವಿ ಮ್ಯಾಲೆ, ನಿಮ್ಮ ಶೆಡ್ಡಿನ ಮ್ಯಾಲೆ ಅದಾವು. ಒಂದರೆ ಸೋರೇತೇನು? ಅವನ್ನ ಮೊದಲ ಇಳಿಸಿ, ಮಡಚಿ, ನಮ್ಮ ಅಂಗಡಿಗೆ ತಂದು ಕೊಡ್ರಿ. ಆಮ್ಯಾಲೆ ಮಳ್ಯಾಗ ನಿಂತು ನಗ್ರಿ.”

ಬೆರಳೆತ್ತಿದಳು. ಫೋನನ್ನು ಅಮಸಿದ್ದನ ಕೈಗಿಟ್ಟಳು. ಗುಂಪಿನಲ್ಲಿ ಆಮೇಲೆ ಟಿಣ್ ಎನ್ನುವ ಸದ್ದು ಬರಲಿಲ್ಲ. ಜೈತುನಬಿ ಮಾತ್ರ, ಊಟ ಮಾಡಿ ಹೋಗವ್ವಾ, ಸಿಟ್ಟಿನಾಗ ಹಸಿವಿ ಗೊತ್ತಾಗಂಗಿಲ್ಲ ಎಂದು ತನ್ನ ಬುತ್ತಿ ಬಿಚ್ಚಿದಳು. ಸಿದ್ದಲಿಂಗವ್ವ ಆಕೆಯ ಪಕ್ಕ ಕೂತು ರೊಟ್ಟಿ ಮುರಿದಳು.

ಸಿಂದಗಿ ಮುಟ್ಟಿದಾಗ ಸಂಜೆಯಾಗಿತ್ತು. ಅಂಗಡಿಯ ಮುಂದೆ ಬಾಗೇವಾಡಿಯ ಗಾಡಿಯೊಂದು ಮುಚ್ಚಳಕ್ಕಾಗಿ ಕಾದು ನಿಂತಿತ್ತು. ಸಂಗಣ್ಣ ಮಿಷನ್ನಿನ ಮೇಲೆ ಇರಲಿಲ್ಲ; ಹೊಸ್ತಿಲ ಹತ್ತಿರ ನಿಂತಿದ್ದ. ಆ ನಗುವ ಮುಖಗಳನ್ನು ಯಾರೋ ಅವನಿಗೂ ಕಳಿಸಿದ್ದರು, ಆಕೆಯ ಧ್ವನಿಯನ್ನೂ ಕಳಿಸಿದ್ದರು. ಅವನ ಮುಖದಲ್ಲಿ ಅದು ಕಾಣುತ್ತಿತ್ತು. ಬಸ್ಸಿನಲ್ಲಿ ಗದ್ದಲವಿತ್ತೇ ಎಂದು ಕೇಳಿದ.  ಮುಂಜಾನೆ ಹೇಳಬೇಕಾದ್ದನ್ನು ಮುಂಜಾನೆ ಹೇಳಬೇಕಿತ್ತು, ಊರ ಮಂದಿಯ ಎದುರು ಹೇಳಿಸಿಕೊಳ್ಳಬಾರದಿತ್ತು ಎಂದಳು. ಅಂಗೈ ಇಡುವ ಆಟವೂ ಇಂದಿಗೆ ಮುಗಿಯಿತು, ಮಾಲಕರು ಬೇಕು ಅನ್ನುವ ಗಿರಾಕಿ ಬೇರೆ ಅಂಗಡಿ ನೋಡಿಕೊಳ್ಳಲಿ ಎಂದಳು. ಇನ್ನೂ ಏನೇನೋ ಅಂದಳು. ಅವನು ಎಲ್ಲಕ್ಕೂ ಹೂಂ ಎಂದ.

ಆಕೆ ಉಸಿರು ತೆಗೆದುಕೊಳ್ಳಲು ನಿಂತಾಗ ಅವನು ಕೇಳಿದ.

“ಬಿಗಿ ಮಾಡಿದ್ರ ಯಾಕ ಸೋರತೈತಿ? ನನಗ ಒಮ್ಮಿ ತೋರಸು.”

ಇಪ್ಪತ್ತು ವರ್ಷಕ್ಕೂ ಮೀರಿದ ಸಂಸಾರದಲ್ಲಿ ಅವನು ಆಕೆಯ ಕೆಲಸದ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು. ಸಿದ್ದಲಿಂಗವ್ವನ ಸಿಟ್ಟು ಇಳಿದಿರಲಿಲ್ಲ. ಅದು ಇಳಿಯಲು ಇನ್ನೂ ಎಷ್ಟೋ ದಿನ ಬೇಕಿತ್ತು. ಆದರೂ ಅವನ ತೋರುಬೆರಳನ್ನು ಹಿಡಿದು ಗಾಡಿಯ ಹತ್ತಿರ ಎಳೆದುಕೊಂಡು ಹೋದಳು, ಪಟ್ಟಿಯ ಮೇಲಿನ ರಬ್ಬರಿನ ಮೇಲೆ ಆ ಬೆರಳನ್ನು ಇರಿಸಿದಳು. ಒತ್ತಿ ನೋಡಿರಿ ಎಂದಳು. ಅವನು ಒತ್ತಿದ. ಅಷ್ಟು ಜೋರಾಗಿ ಅಲ್ಲ ಎಂದು ಗದರಿದಳು. ಬೆರಳು ಸಡಿಲಾಯಿತು. ಬೀದಿಯ ದೀಪ ಹತ್ತುವತನಕ, ಮೊದಲ ಕ್ಲಾಂಪಿನಿಂದ ಕೊನೆಯದರವರೆಗೆ, ಗದರುತ್ತಲೇ ಅವನಿಗೆ ಎಲ್ಲವನ್ನೂ ತೋರಿಸಿದಳು.